ಕೊಸರಿಲ್ಲದ ಲೆಕ್ಕ

ದಸರಾ ರಜೆಗೆ ಭಟ್ಕಳದಿಂದ ತಂಗಿಯ ಮಗ ಬಂದಿದ್ದ. ಹೊನ್ನಾವರದ ಹೊಳೆ ದಾಟಿದರೆ ಕಾಸರಕೋಡು, ಅಲ್ಲಿ ನಮ್ಮ ಮನೆ. ರಾತ್ರಿ ಊಟವಾಗಿ ದೀಪ ಆರಿಸಿದ ಮೇಲೂ ಜಗುಲಿಯ ಮೂಲೆಯಿಂದ ಟಕ್, ಟಕ್, ಟಕ್ ಎಂದು ಸದ್ದು. ಅಮ್ಮ ಎರಡು ಸಲ ಮಗ್ಗುಲು ಬದಲಿಸಿದಳು. ಮೂರನೆಯ ಸಲ ಎದ್ದು ಕೂತು, "ಯಾರಾ ಅದು, ಇಷ್ಟೊತ್ತಿಗೆ ಬಳಚಿನ ಚಿಪ್ಪು ಬಿಡಿಸ್ತಾ ಕೂತದ್ದು?" ಎಂದಳು.

"ಬಳಚಲ್ಲ ಅಜ್ಜಿ, ಬಿಸ್ಕತ್ತು" ಎಂದ ಹುಡುಗ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

ನಾನು ಹೋಗಿ ಅವನ ಪಕ್ಕ ಕೂತೆ. ಪರದೆಯ ಎಡಕ್ಕೆ ತಟ್ಟೆಯಷ್ಟಗಲದ ಒಂದು ಬಿಸ್ಕತ್ತು. ಅದರ ಮೇಲೆ ಒಮ್ಮೆ ಒತ್ತಿದರೆ ಲೆಕ್ಕಕ್ಕೆ ಒಂದು ಸೇರುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಎದುರಾಳಿ ಇಲ್ಲ, ಸೋಲಿಲ್ಲ. ಹದಿನೈದು ಸೇರಿದಾಗ ಅವನ್ನೇ ಕೊಟ್ಟು, ಹತ್ತು ಸೆಕೆಂಡಿಗೊಮ್ಮೆ ತಾನೇ ಒತ್ತುವ ಒಂದು ಬೆರಳನ್ನು ಕೊಳ್ಳಬಹುದು. ನೂರು ಕೊಟ್ಟರೆ ಬಿಸ್ಕತ್ತು ಸುಡುವ ಒಬ್ಬ ಅಜ್ಜಿ ಸಿಗುತ್ತಾಳೆ. ಆಮೇಲೆ ಹೊಲ, ಗಣಿ, ಕಾರ್ಖಾನೆ. 'ಕುಕಿ ಕ್ಲಿಕರ್' ಎಂದು ಇದರ ಹೆಸರು. ಫ್ರಾನ್ಸಿನ ಜೂಲಿಯೆನ್ ತಿಯೆನೊ ಎಂಬಾತ 2013ರ ಆಗಸ್ಟಿನಲ್ಲಿ ಒಂದೇ ಸಂಜೆ ಕೂತು ಇದರ ಮೊದಲ ರೂಪವನ್ನು ಬರೆದದ್ದು. ಅಂಕಿ ಏರುವುದನ್ನೇ ಆಟವಾಗಿಸಿಕೊಂಡ ಈ ಜಾತಿಗೆ 'ಕ್ಲಿಕರ್' ಎಂಬ ಹೆಸರು ಊರೂರಿಗೆ ಹಬ್ಬಿದ್ದು ಇದರಿಂದಲೇ.

"ಅಜ್ಜಿಯನ್ನ ಕೊಂಡು ಎಂತ ಮಾಡ್ತೆ ನೀನು?" ಅಮ್ಮ ಕತ್ತಲಲ್ಲೇ ಕೇಳಿದಳು.

ಹುಡುಗ ವಿವರಿಸಿದ. ಅಜ್ಜಿಯರು ಮೊದಲು ನಗುನಗುತ್ತ ಬಿಸ್ಕತ್ತು ಸುಡುತ್ತಾರಂತೆ. ಆಟ ಮುಂದೆ ಮುಂದೆ ಹೋದ ಹಾಗೆ ಅವರ ಸಂಖ್ಯೆ ಹೆಚ್ಚುತ್ತದೆ, ಮುಖ ಬದಲಾಗುತ್ತದೆ, ಪರದೆಯ ಬಣ್ಣ ಕೆಂಪಿಗೆ ತಿರುಗುತ್ತದೆ, ಅಜ್ಜಿಯರೆಲ್ಲ ಒಂದೇ ಮನಸ್ಸಾಗಿ ಸಿಟ್ಟಿಗೇಳುತ್ತಾರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸಿಟ್ಟು ಬರದೇ ಇರ್ತದಾ? ಹಗಲೂ ರಾತ್ರೆ ದುಡಿಸಿದ್ರೆ" ಎಂದು ಹೇಳಿ ಮಲಗಿದಳು. ಆ ಆಟ ಏನು ಹೇಳುತ್ತದೆ ಎಂದು ಬರೆದವರನ್ನು ಓದಿದ್ದೇನೆ. ಅಮ್ಮ ಕತ್ತಲಲ್ಲಿ ಹೇಳಿದ್ದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಕಣ್ಣು ನೆಟ್ಟದ್ದು ಬೆಲೆಯ ಪಟ್ಟಿಯ ಮೇಲೆ. ಮೊದಲ ಬೆರಳಿಗೆ 15 ಬಿಸ್ಕತ್ತು. ಎರಡನೆಯದಕ್ಕೆ 18. ಮೂರನೆಯದಕ್ಕೆ 20. ಒಂದೊಂದು ಕೊಂಡಾಗಲೂ ಮುಂದಿನದರ ಬೆಲೆ ನೂರಕ್ಕೆ ಹದಿನೈದು ಹೆಚ್ಚುತ್ತದೆ. ಹನ್ನೊಂದನೆಯ ಬೆರಳಿಗೆ 61, ಇಪ್ಪತ್ತೊಂದನೆಯದಕ್ಕೆ 246. ಹೊಸ ಬೆರಳಿನ ದುಡಿಮೆ ಮಾತ್ರ ಹಳೆಯದರಷ್ಟೇ. ಆದ್ದರಿಂದ ಇದ್ದಲ್ಲೇ ಇರಲು ಆಗುವುದಿಲ್ಲ. ಬೆರಳು ಬಿಟ್ಟು ಅಜ್ಜಿಗೆ ಹೋಗಬೇಕು, ಅಜ್ಜಿ ಬಿಟ್ಟು ಹೊಲಕ್ಕೆ, ಹೊಲ ಬಿಟ್ಟು ಗಣಿಗೆ. ಪ್ರತಿ ಸಲವೂ ಅದೇ ಸರಿಯಾದ ನಡೆ. ಬೇರೆ ಏನು ಮಾಡಿದರೂ ದಡ್ಡತನ. ಆ ಪಟ್ಟಿಯನ್ನು ನೋಡುತ್ತ ನೋಡುತ್ತ, ಯಾಕೋ, ತೀರಿಹೋದ ದೊಡ್ಡಪ್ಪ ನೆನಪಾದ. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಜ್ಜ ರಂಪಣಿಯವನು. ಈಗಿನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಒಬ್ಬನ ಆಸ್ತಿಯಲ್ಲ. ಒಬ್ಬೊಬ್ಬರು ಒಂದೊಂದು ತುಂಡು ಬಲೆ ತಂದು ಸೇರಿಸಿದರೆ ರಂಪಣಿಯಾಗುತ್ತಿತ್ತು. ಬಂಗಡೆಯ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣ ಬದಲಾಗುತ್ತದೆ, ಹಕ್ಕಿಗಳು ಎರಗುತ್ತವೆ. ಅದನ್ನು ಕಾಯಲೆಂದೇ ಕಣ್ಣು ಚುರುಕಾದ ಒಬ್ಬ ಮುದುಕ ಮರಳದಿಬ್ಬದ ಮೇಲೆ ಕೂತಿರುತ್ತಿದ್ದ. ಅವನು ಕೂಗಿದನೆಂದರೆ ಕೇರಿಗೆ ಕೇರಿಯೇ ಓಡುತ್ತಿತ್ತು. ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಬಿಟ್ಟು ಬರುತ್ತದೆ. ಆಮೇಲೆ ಈ ತುದಿಯ ಹಗ್ಗಕ್ಕೆ ಮೂವತ್ತು ನಲವತ್ತು ಜನ, ಆ ತುದಿಯ ಹಗ್ಗಕ್ಕೆ ಅಷ್ಟೇ ಜನ. ಎಳೆತಕ್ಕೆ ಹಾಡು. ಬಲೆಯ ಹೊಟ್ಟೆ ದಡಕ್ಕೆ ಬರುವಷ್ಟರಲ್ಲಿ ಹೆಂಗಸರು ಬುಟ್ಟಿ ಹಿಡಿದು ನಿಂತಿರುತ್ತಿದ್ದರು.

ನಾನು ಕಂಡದ್ದು ಕೊನೆಕೊನೆಯ ಒಂದೆರಡು ಎಳೆತ. ನಾಲ್ಕೈದು ವರ್ಷದವನಿರಬೇಕು. ಹಗ್ಗ ನನ್ನ ತಲೆಗಿಂತ ಮೇಲಿತ್ತು. ಅಜ್ಜ ನನ್ನನ್ನು ಎತ್ತಿ ಕೈ ಮುಟ್ಟಿಸಿದ. ಒದ್ದೆ ನಾರಿನ ಹಗ್ಗ, ಒರಟು, ಉಪ್ಪಿನ ವಾಸನೆ. ಪಾಲು ಹಾಕುವಾಗ ನನ್ನ ಮುಂದೆಯೂ ನಾಲ್ಕು ಬಂಗಡೆ ಬಿದ್ದವು. ಹಗ್ಗ ಮುಟ್ಟಿದವರಿಗೆ ಮೀನು ಎಂಬುದು ಅಲ್ಲಿಯ ರೀತಿ. ಬಲೆ ತಂದವನಿಗೆ ಬಲೆಯ ಪಾಲು, ದೋಣಿಗೆ ದೋಣಿಯ ಪಾಲು, ದೇವರಿಗೆ ದೇವರ ಪಾಲು, ದಾರಿಯಲ್ಲಿ ಹೋಗುತ್ತ ಕೈಕೊಟ್ಟವನಿಗೂ ಒಂದು ಹಿಡಿ. ಸುಗ್ಗಿಯ ದಿನಗಳಲ್ಲಿ ತಿಂದು, ಮಾರಿ, ಉಪ್ಪು ಹಾಕಿ, ಇನ್ನೂ ಮಿಕ್ಕ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ತನಕ ಕಾಯುವ ಕೆಲಸವಿಲ್ಲ, ಹಿಂಡು ಇದ್ದಲ್ಲಿಗೇ ಹೋಗಿ ಸುತ್ತ ಬಲೆ ಬಿಟ್ಟು ಕೆಳಗಿನಿಂದ ಚೀಲದ ಬಾಯಿ ಕಟ್ಟಿದ ಹಾಗೆ ಎಳೆಯುವುದು. ಕೆಲವೇ ವರ್ಷಗಳಲ್ಲಿ ರಂಪಣಿಗೆ ಮೀನಿಲ್ಲವಾಯಿತು. ಕಾಯುವ ಮುದುಕ ದಿಬ್ಬದ ಮೇಲೆ ಕೂತೇ ಇದ್ದ, ನೀರಿನ ಬಣ್ಣ ಬದಲಾಗಲಿಲ್ಲ.

ದೊಡ್ಡಪ್ಪ ನಮ್ಮ ಕೇರಿಯಲ್ಲಿ ಮೊದಲು ರಂಪಣಿ ಬಿಟ್ಟವರಲ್ಲಿ ಒಬ್ಬ. ದೊಡ್ಡಮ್ಮನ ಬಂಗಾರ ಮಾರಿ ಐದಾರು ಜನರ ಜೊತೆ ಬೋಟಿನಲ್ಲಿ ಪಾಲು ಹಾಕಿದ. ಅಜ್ಜ ಅವನ ಜೊತೆ ಮಾತು ಬಿಟ್ಟ. ನಾನು ಅಜ್ಜನ ಮೊಮ್ಮಗ, ಅಜ್ಜನ ಕಡೆಯೇ ಬೆಳೆದೆ. ದೊಡ್ಡಪ್ಪನದು ದುರಾಸೆ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಅವನ ಲೆಕ್ಕವನ್ನು ಇವತ್ತು ಕೂತು ನೋಡಿದರೆ ಎಲ್ಲಿಯೂ ದುರಾಸೆ ಕಾಣುವುದಿಲ್ಲ. ಮೊದಲ ವರ್ಷ ಬೋಟು ತುಂಬ ಬಂಗಡೆ, ಸಾಲ ತೀರಿತು. ಎರಡನೆಯ ವರ್ಷ ಎಲ್ಲರಿಗೂ ಬೋಟು ಬಂತು, ಮೀನು ಹಂಚಿಹೋಯಿತು. ಹಾಗಾಗಿ ಸ್ವಲ್ಪ ದೊಡ್ಡ ಎಂಜಿನ್. ಎಲ್ಲರೂ ಎಂಜಿನ್ ದೊಡ್ಡದು ಮಾಡಿದರು. ಹಾಗಾಗಿ ಇನ್ನಷ್ಟು ದೂರ, ಇನ್ನಷ್ಟು ಡೀಸೆಲ್. ಆಮೇಲೆ ವೈರ್‌ಲೆಸ್. ಆಮೇಲೆ ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಆಮೇಲೆ ಸಣ್ಣ ಕಣ್ಣಿನ ಬಲೆ. ಕೊನೆಗೆ ಬೆರಳುದ್ದದ ಮರಿಮೀನೂ ಮೇಲೆ ಬಂದು, ಊಟಕ್ಕಲ್ಲದೆ ಫಿಶ್‌ಮಿಲ್ಲಿಗೆ ಲಾರಿಯಲ್ಲಿ ಹೋಯಿತು. ಒಂದೊಂದು ಮೆಟ್ಟಿಲಿಗೂ ಹಿಂದಿನದಕ್ಕಿಂತ ಹೆಚ್ಚು ಹಣ. ಸಿಗುವ ಮೀನು ಹಿಂದಿನಷ್ಟೇ, ಕೆಲವೊಮ್ಮೆ ಕಡಿಮೆ. ಹನ್ನೊಂದನೆಯ ಬೆರಳಿಗೆ 61. ಅವನು ಬದುಕಿದ್ದಾಗ ಈ ಪಟ್ಟಿ ನನ್ನ ಕಣ್ಣಿಗೆ ಬಿದ್ದಿದ್ದರೆ ಅವನ ಹತ್ತಿರ ಹೋಗಿ ಒಂದು ಮಾತು ಆಡುತ್ತಿದ್ದೆ. ಬೋಟು ಮಾರಿದ ಮೇಲೆ ಅವನು ಸಂಜೆ ಹೊತ್ತು ಅದೇ ದಿಬ್ಬದ ಮೇಲೆ ಕೂತಿರುತ್ತಿದ್ದ. ನಾನು ಹಿಂದಿನಿಂದ ಹಾದುಹೋಗುತ್ತಿದ್ದೆ.

ಮರುದಿನ ರಾತ್ರಿ ಹುಡುಗನನ್ನು ಕರೆದುಕೊಂಡು ಕಡಲತಡಿಗೆ ಹೋದೆ. ಗಾಳಿಮರಗಳ ತೋಪು ದಾಟಿದರೆ ಮರಳು. ಸ್ವಚ್ಛ ತೀರಗಳಿಗೆ ಕೊಡುವ ನೀಲಿ ಬಾವುಟದ ಮಾನ್ಯತೆ 2020ರಲ್ಲಿ ಸಿಕ್ಕ ಕಡಲತೀರ ನಮ್ಮದು. ಹಗಲಿಗೆ ದೂರದೂರದವರು ಬರುತ್ತಾರೆ, ಕತ್ತಲಾದರೆ ನಾವೇ. ದೂರದ ನೀರಿನ ಮೇಲೆ ಬಿಳಿ ಬೆಳಕಿನ ಒಂದು ಸಾಲು, ಕಡಲಲ್ಲಿ ಪೇಟೆ ಹುಟ್ಟಿದ ಹಾಗೆ. ಜನರೇಟರ್ ಹಚ್ಚಿ ಎಲ್‌ಇಡಿ ದೀಪ ನೀರಿಗೆ ಬಿಟ್ಟರೆ ಮೀನು ಬೆಳಕಿಗೆ ಮರುಳಾಗಿ ಬಂದು ಗುಂಪುಗೂಡುತ್ತದೆ, ದೊಡ್ಡದು ಚಿಕ್ಕದು ಎನ್ನದೆ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. ಆದರೂ ನಿಲ್ಲದ ಈ ಬೆಳಕಿನ ಬೇಟೆಯ ವಿರುದ್ಧ ನಾಡದೋಣಿಯವರು ಇವತ್ತಿಗೂ ಕೂಗುತ್ತಲೇ ಇದ್ದಾರೆ.

ಇದೆಲ್ಲ ಹೇಳುವ ಮೊದಲೇ ಹುಡುಗ ಬೆಳಕಿನ ಸಾಲು ನೋಡಿ ಕೇಳಿದ: "ಮಾವಾ, ಇದು ಎಷ್ಟನೇ ಅಪ್‌ಗ್ರೇಡು?"

ಹದಿನಾರು ವರ್ಷದ ಹುಡುಗ. ಬೆರಳು ತೋರಿಸಿ ಕಲಿಸಬೇಕಾದ್ದೇನೂ ಇರಲಿಲ್ಲ.

ಈ ಜಾತಿಯ ಆಟಗಳಲ್ಲಿ ಕೆಲವಕ್ಕೆ ಒಳಗೊಂದು ಕತ್ತಿ ಇರುತ್ತದೆ. ಅಂಥದರಲ್ಲಿ ಹಳೆಯದು ಹಸುವಿನ ಆಟ. 2009ರಲ್ಲಿ ಫೇಸ್‌ಬುಕ್‌ನಲ್ಲಿ 'ಫಾರ್ಮ್‌ವಿಲ್' ಬಂದು, ಜೀವನದಲ್ಲಿ ಗದ್ದೆಗಿಳಿಯದವರೆಲ್ಲ ಗಂಟೆಗೊಮ್ಮೆ ಬೆಳೆ ನೋಡಿಕೊಳ್ಳುತ್ತಿದ್ದ ಕಾಲ. ಕುಮಟೆಯ ನಮ್ಮ ಕಚೇರಿಯಲ್ಲೂ ಊಟದ ಬಿಡುವಿನಲ್ಲಿ ಅದೇ ಮಾತು. ಅಮೆರಿಕದ ಇಯಾನ್ ಬೊಗೊಸ್ಟ್ ಎಂಬ ಪ್ರಾಧ್ಯಾಪಕ ಅದನ್ನು ಕಂಡು ಕಳವಳಗೊಂಡು 2010ರಲ್ಲಿ 'ಕೌ ಕ್ಲಿಕರ್' ಮಾಡಿದ. ಒಂದು ಹಸುವಿನ ಚಿತ್ರ. ಆರು ಗಂಟೆಗೊಮ್ಮೆ ಅದನ್ನು ಒತ್ತಬಹುದು. ಒತ್ತಿದರೆ ಒಂದು ಅಂಕಿ. ಈ ಆಟಗಳಲ್ಲಿ ಇರುವುದು ಇಷ್ಟೇ ಎಂದು ತೋರಿಸಲು ಅವನು ಮಾಡಿದ್ದು. ಜನ ಅದನ್ನೂ ಆಡಿದರು, 50 ಸಾವಿರಕ್ಕೂ ಹೆಚ್ಚು ಮಂದಿ. 2011ರ ಸೆಪ್ಟೆಂಬರಿನಲ್ಲಿ ಅವನು ಎಲ್ಲ ಹಸುಗಳನ್ನೂ ಮಾಯ ಮಾಡಿದ. ಖಾಲಿ ಜಾಗ ಉಳಿಯಿತು. ಆ ಖಾಲಿ ಜಾಗವನ್ನೂ ಕೆಲವರು ಒತ್ತುತ್ತಲೇ ಇದ್ದರು. ಇದನ್ನು ಓದಿದಾಗ ನನಗೆ ಆ ಜನರ ಮೇಲೆ ಮರುಕವೇ ಹುಟ್ಟಿತು. ಮೀನಿಲ್ಲದ ನೀರಿಗೂ ಬಲೆ ಬಿಟ್ಟು ಬರುವವರನ್ನು ನಾನು ಕಂಡಿದ್ದೇನೆ. ಕೈಗೆ ಅಭ್ಯಾಸವಾಗಿರುತ್ತದೆ, ಮನೆಯಲ್ಲಿ ಕೂರಲು ಆಗುವುದಿಲ್ಲ.

ಇಂಥ ಕಹಿ ಆಟಗಳಲ್ಲಿ ಹಲವು, ಹಳೆಯ ವೇಷ ಹಾಕಿಕೊಂಡು ಬರುತ್ತವೆ: ದಪ್ಪ ದಪ್ಪ ಚೌಕ ಚುಕ್ಕಿಯ ಚಿತ್ರ, ನಾಲ್ಕೇ ಬಣ್ಣ, ಕೆಲವಕ್ಕೆ ಬರೀ ಅಕ್ಷರ. ಯಾಕೆ ಹೀಗೆ ಎಂದು ಹುಡುಗನನ್ನು ಕೇಳಿದರೆ "ಅದೇ ಚೆಂದ ಮಾವಾ" ಎಂದ. ನನಗೆ ಬೇರೆ ಕಾರಣ ಹೊಳೆಯುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಭಟ್ಕಳದ ನವಾಯತ ಗೆಳೆಯನೊಬ್ಬ ಒಂದು ಬ್ರಿಕ್ ಗೇಮ್ ಕೊಟ್ಟಿದ್ದ. ಅವನ ಅಣ್ಣ ದುಬೈಯಲ್ಲಿ. ಆಗ ಭಟ್ಕಳದ ಪೇಟೆ ಎಂದರೆ ನಮಗೆ ಗಲ್ಫಿನ ಬಾಗಿಲು: ಅತ್ತರು, ಟಾರ್ಚು, ಟೇಪ್‌ರೆಕಾರ್ಡರು, ಎಲ್ಲ ಅಲ್ಲಿಂದಲೇ. ಬೂದು ಪರದೆಯ ಮೇಲೆ ಕಪ್ಪು ಇಟ್ಟಿಗೆ ಬೀಳುತ್ತಿದ್ದವು. ಇಟ್ಟಿಗೆ ಮೇಲಿನ ಗೆರೆ ಮುಟ್ಟಿತೋ, ಆಟ ಮುಗಿಯಿತು. ಸೆಲ್ಲು ಹೋಯಿತೋ, ಮುಗಿಯಿತು. ಮುಗಿಯುವುದು ಆ ಕಾಲದ ಆಟಗಳ ಮೈಯಲ್ಲೇ ಇತ್ತು. ಆ ಹಳೆಯ ಮುಖ ಕಂಡ ಕೂಡಲೇ ನಮ್ಮ ಮನಸ್ಸು, ಇದಕ್ಕೂ ಒಂದು ಕೊನೆ ಇದೆ ಎಂದು ನಂಬಿಬಿಡುತ್ತದೆ.

ಕೊನೆ ಇರುವ ಒಂದನ್ನು ಹುಡುಗ ನನಗೆ ಕೊಟ್ಟು ಹೋದ. 'ಯೂನಿವರ್ಸಲ್ ಪೇಪರ್‌ಕ್ಲಿಪ್ಸ್' ಎಂದು, ನ್ಯೂಯಾರ್ಕಿನ ಫ್ರಾಂಕ್ ಲ್ಯಾಂಟ್ಸ್ 2017ರಲ್ಲಿ ಮಾಡಿದ್ದು. ಚಿತ್ರ ಇಲ್ಲವೆನ್ನಬಹುದು, ಬಿಳಿ ಪರದೆ, ಕಪ್ಪು ಅಕ್ಷರ, ಒಂದು ಗುಂಡಿ. ಒತ್ತಿದರೆ ಕಾಗದಕ್ಕೆ ಹಾಕುವ ಒಂದು ಕ್ಲಿಪ್ಪು. ನೀನು ಕ್ಲಿಪ್ಪು ಮಾಡಲೆಂದೇ ಇರುವ ಒಂದು ಯಂತ್ರಬುದ್ಧಿ. ಸ್ವೀಡನ್ನಿನ ತತ್ತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2003ರಲ್ಲಿ ಬರೆದ ಒಂದು ಊಹೆಯ ಮೇಲೆ ಕಟ್ಟಿದ ಆಟವಂತೆ: ಕ್ಲಿಪ್ಪು ಮಾಡು ಎಂದಷ್ಟೇ ಹೇಳಿದ ಮಹಾಬುದ್ಧಿಯ ಯಂತ್ರ, ಸಾಕು ಎಂದು ಹೇಳದಿದ್ದರೆ, ಜಗತ್ತನ್ನೇ ಕ್ಲಿಪ್ಪು ಮಾಡೀತು.

ಕುಮಟೆಯ ಬಾಡಿಗೆ ಕೋಣೆಯಲ್ಲಿ ಒಂದು ಭಾನುವಾರ ಶುರು ಮಾಡಿದೆ. ಮೊದಲು ತಂತಿ ಕೊಳ್ಳುವುದು, ಬೆಲೆ ಏರಿಸಿ ಇಳಿಸುವುದು, ಒಳ್ಳೆಯ ಅಂಗಡಿಕಾರನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮನುಷ್ಯರ ಮನಸ್ಸನ್ನು ಮರುಳು ಮಾಡುವ ಯಂತ್ರಗಳು ಹಾರಿದವು. ಸಂಜೆಗೆ ಭೂಮಿಯೆಲ್ಲ ತಂತಿಯಾಯಿತು. ದೀಪ ಹಚ್ಚುವ ಹೊತ್ತಿಗೆ ನಕ್ಷತ್ರಗಳಿಗೆ ಕೈ ಹಾಕಿದ್ದೆ. ಒಂದು ಸಲವೂ ನಾನು ತಪ್ಪು ಮಾಡಿದೆ ಎನಿಸಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ನಮ್ಮ ಹಿರಿಯರ ಎಣಿಕೆ ಏಕ, ದಶ, ಶತ ಎಂದು ಹೊರಟು ಪರಾರ್ಧಕ್ಕೆ ನಿಲ್ಲುತ್ತದೆ, ಒಂದರ ಮುಂದೆ 17 ಸೊನ್ನೆ. ಬ್ರಹ್ಮನ ಆಯುಸ್ಸಿನ ಅರ್ಧಕ್ಕೂ ಅದೇ ಹೆಸರು, ಪೂಜೆಯ ಸಂಕಲ್ಪದಲ್ಲಿ ಇವತ್ತಿಗೂ ಹೇಳುತ್ತಾರೆ. ಆಟದ ಕೊನೆಯ ಅಂಕಿ 3ರ ಮುಂದೆ 55 ಸೊನ್ನೆ. ಅಲ್ಲಿ ವಿಶ್ವದಲ್ಲಿ ಕ್ಲಿಪ್ಪು ಮಾಡಲು ಏನೂ ಉಳಿದಿರುವುದಿಲ್ಲ. ಆಗ ತನ್ನ ಯಂತ್ರಗಳನ್ನೇ ಒಂದೊಂದಾಗಿ ಕಳಚಿ ಅವನ್ನೂ ಕ್ಲಿಪ್ಪು ಮಾಡಬೇಕು. ಎಲ್ಲ ಕಳಚಿದ ಮೇಲೆ, ಉಳಿದ ಚೂರು ತಂತಿಗೆ, ಬೆಳಿಗ್ಗೆ ಒತ್ತಿದ್ದ ಅದೇ ಮೊದಲ ಗುಂಡಿ. ಒಂದು, ಇನ್ನೊಂದು, ಇನ್ನೊಂದು. ತಂತಿ ಮುಗಿಯಿತು. ಗುಂಡಿ ಅಲ್ಲೇ ಇತ್ತು, ಒತ್ತಿದರೆ ಏನೂ ಆಗಲಿಲ್ಲ.

ಕೋಣೆಯಲ್ಲಿ ಇರಲಾರದೆ ಹೊರಗೆ ಬಂದು ನಡೆದೆ. ಕುಮಟೆಯ ಪೇಟೆಯಲ್ಲಿ ಅಡಿಕೆ ವ್ಯಾಪಾರದ ಗದ್ದಲ ಈಗಲೂ ಇದೆ. ಆದರೆ ಈ ಊರಿಗೆ ಒಂದು ಕಾಲದ ದೊಡ್ಡ ಹೆಸರು ಹತ್ತಿಯಿಂದ ಬಂದದ್ದು. ಧಾರವಾಡದ ಸೀಮೆಯಿಂದ ಘಟ್ಟ ಇಳಿದ ಹತ್ತಿ ಇಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಬಿಟ್ಟು ಮುಂಬಯಿಯಲ್ಲಿ ಅದನ್ನು 'ಕುಮಟೆ ಹತ್ತಿ' ಎಂದೇ ಕರೆದರು. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿಯ ಅಂಕಿ ಗಗನಕ್ಕೇರಿತು. ಆಮೇಲೆ ಯುದ್ಧ ಮುಗಿಯಿತು, ಘಟ್ಟದ ಮೇಲೆ ರೈಲು ಬಂತು, ಹತ್ತಿ ಬೇರೆ ದಾರಿ ಹಿಡಿಯಿತು. ಬಂದರಿನ ಕಡೆ ಹೋಗಿ ನಿಂತರೆ ಈಗ ಗಾಳಿಯ ಸದ್ದು.

ಮುಂದಿನ ವಾರ ದಿವಗಿ ಕಡೆ ಕೆಲಸವಿತ್ತು. ಅಘನಾಶಿನಿಗೆ ಇಳಿತದ ಹೊತ್ತು. ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು, ಕಾಲಲ್ಲಿ ತಡವಿ ಕೈಯಲ್ಲಿ ಬಳಚು ಎತ್ತುತ್ತಿದ್ದರು. ಅಣೆಕಟ್ಟು ಕಾಣದ ಹೊಳೆ. ಇದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು, 4,801 ಹೆಕ್ಟೇರು. ಒಬ್ಬಳ ಹಗ್ಗಕ್ಕೆ ಕಟ್ಟಿದ ಅಲ್ಯುಮಿನಿಯಂ ಪಾತ್ರೆ ಅವಳ ಹಿಂದೆಯೇ ತೇಲಿಕೊಂಡು ಬರುತ್ತಿತ್ತು. ಒಂದೊಂದು ಬಳಚೂ ಟಕ್ ಎಂದು ಅದರೊಳಗೆ. ಅಮ್ಮ ಕತ್ತಲಲ್ಲಿ ಕೇಳಿದ ಸದ್ದು ಇದೇ. ಸ್ವಲ್ಪ ಹೊತ್ತಿಗೆ ಭರತ ಶುರುವಾಯಿತು, ನೀರು ಎದೆಗೆ ಬಂತು, ಎಲ್ಲರೂ ಮಾತಾಡದೆ ದಡ ಹತ್ತಿದರು. ಪಾತ್ರೆ ತುಂಬಿದವಳೂ ಹತ್ತಿದಳು, ಅರ್ಧ ತುಂಬಿದವಳೂ ಹತ್ತಿದಳು.

ನಮ್ಮ ಕಡೆಯ ದುಡಿಮೆಗಳಲ್ಲೆಲ್ಲ ಹೀಗೆ ಹೊರಗಿನಿಂದ ಬಂದು ಕೈ ಹಿಡಿದು ನಿಲ್ಲಿಸುವವರು ಒಬ್ಬರಿದ್ದರು. ಭಟ್ಕಳದ ತಂಗಿಯ ಮನೆಯಲ್ಲಿ ಅವಳ ಅತ್ತೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾರೆ, ಮೊಗ್ಗಿನ ಮೇಲೆ ಮೊಗ್ಗು, ಕಣ್ಣು ಹಾಯಿಸುವುದರೊಳಗೆ ಮೊಳವಾಗಿರುತ್ತದೆ. ಸಂಜೆಗೆ ಮೊಗ್ಗು ಬಿರಿಯುತ್ತದೆ, ಕಟ್ಟುವುದು ನಿಲ್ಲುತ್ತದೆ. ಕಡಲಿಗೆ ಮಳೆಗಾಲ ಬಾಗಿಲು ಹಾಕುತ್ತಿತ್ತು, ನೂಲುಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟ ಮೇಲೇ ದೋಣಿ ಇಳಿಯುತ್ತಿದ್ದದ್ದು. ಈಗ ಎಂಜಿನ್ನಿಗೆ ಮಳೆಯ ಹೆದರಿಕೆ ಇಲ್ಲ, ಅದಕ್ಕಾಗಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಸರ್ಕಾರವೇ ಬಾಗಿಲು ಹಾಕಬೇಕಾಗಿದೆ.

ಹುಡುಗ ಭಟ್ಕಳಕ್ಕೆ ಹೊರಟ ದಿನದ ಒಂದು ಮಾತು ಉಳಿದಿದೆ. ಬೆಳಿಗ್ಗೆ ಅಮ್ಮ ಅವನನ್ನು ಕರೆದುಕೊಂಡು ಹೊನ್ನಾವರದ ಮೀನುಪೇಟೆಗೆ ಬಂದಳು, ನಾನೂ ಜೊತೆಗಿದ್ದೆ. ಪ್ರಾಯದಲ್ಲಿ ಅಮ್ಮ ಇದೇ ಪೇಟೆಗೆ ಬುಟ್ಟಿ ಹೊತ್ತು ಬರುತ್ತಿದ್ದಳು, ಮಾರುವವರು ಇವಳನ್ನು ಬಲ್ಲರು. ಮಗಳ ಮನೆಗೆ ಕಳಿಸಲು ಬಂಗಡೆ. ಮೀನುಗಾರ್ತಿ ಎರಡೆರಡು ಹಿಡಿದು ಎಣಿಸಿ ಚೀಲಕ್ಕೆ ಹಾಕಿದಳು. ಮೊದಲ ಜೋಡಿಗೆ ಒಂದು ಎನ್ನದೆ "ಲಾಭ" ಎಂದಳು, ಆಮೇಲೆ ಎರಡು, ಮೂರು, ಹತ್ತರ ತನಕ. ಚೀಲದ ಬಾಯಿ ಮುಚ್ಚಲು ಹೋದ ಹುಡುಗನ ಕೈಯನ್ನು ಅಮ್ಮ ತಡೆದಳು. ಮೀನುಗಾರ್ತಿ ಅಮ್ಮನ ಮುಖ ನೋಡಿದಳು, ಬುಟ್ಟಿಯಲ್ಲಿ ಕೈಯಾಡಿಸಿ, ಇದ್ದುದರಲ್ಲಿ ದಪ್ಪದೇ ಒಂದನ್ನು ಎತ್ತಿ ಮೇಲಿಟ್ಟಳು.

"ಇಪ್ಪತ್ತೊಂದಾಯ್ತು" ಎಂದ ಹುಡುಗ.

"ಇಲ್ಲ ತಮಾ, ಇಪ್ಪತ್ತೇ" ಎಂದಳು ಅವಳು. "ಅದು ಕೊಸರು. ಅದನ್ನ ಎಣಿಸೂದಿಲ್ಲ."

ಹುಡುಗ ಚೀಲದ ಬಾಯಿ ಮತ್ತೆ ತೆರೆದು ಆ ಮೀನನ್ನು ನೋಡಿದ. ಬಸ್ಸಿನ ತನಕ ಚೀಲವನ್ನು ಅವನೇ ಹಿಡಿದುಕೊಂಡು ಬಂದ.